ಗಣಕಯಂತ್ರವನ್ನು ಅಣಿಗೊಳಿಸುವ ಬಗೆ

ಗಣಕಯಂತ್ರದಲ್ಲಿ ಎರಡು ಅಂಗಗಳುಂಟು. ಕಣ್ಣಿಗೆ ಕಾಣುವ, ಕೈಗೆ ತಾಕುವ ಅಂಗವನ್ನು ಯಂತ್ರಾಂಶವೆಂದೂ, ಆ ಯಂತ್ರವು ಏನು ಮಾಡಬೇಕೆಂಬುದನ್ನು ತಿಳಿಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆಂದೂ ಕರೆಯುತ್ತಾರೆ. ತಂತ್ರಾಂಶಗಳ ಪೈಕಿ ಮೊದಲ ಸ್ಥಾನ ಕಾರ್ಯಾಚರಣ ವ್ಯವಸ್ಥೆಯದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದು, ಬರೆದುದನ್ನು ತಟ್ಟೆಯಲ್ಲಿ ಉಳಿಸುವುದು, ಏಕಕಾಲದಲ್ಲಿ ನಡೆಯುವ ಹಲವು ಕೆಲಸಗಳಿಗೆ ಸ್ಮೃತಿಯನ್ನೂ ಸಮಯವನ್ನೂ ಹಂಚಿಕೊಡುವುದು, ಇವೆಲ್ಲವೂ ಅದರ ಹೊಣೆ. ಅದಿಲ್ಲದಿದ್ದರೆ ಎಷ್ಟೇ ಬೆಲೆಬಾಳುವ ಯಂತ್ರವಾದರೂ ಮೇಜಿನ ಮೇಲಿನ ಪೆಟ್ಟಿಗೆಯಷ್ಟೇ ಸರಿ.

ಯಂತ್ರಾಂಶಕ್ಕೆ ಸವೆತವಿರುವಂತೆ ಕಾರ್ಯಾಚರಣ ವ್ಯವಸ್ಥೆಗೂ ಆಯುಷ್ಯವುಂಟು. ಅದನ್ನು ತಯಾರಿಸಿದವರು ಅದರ ದೋಷಗಳನ್ನು ತಿದ್ದುವುದನ್ನು ನಿಲ್ಲಿಸಿದಂದಿಗೆ ಆ ಆಯುಷ್ಯ ಮುಗಿದಂತೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 10 ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಭದ್ರತೆಗೆಂದೇ ಮೀಸಲಾದ ಕೆಲವು ಅಂಗಗಳನ್ನು ಯಂತ್ರದಿಂದ ಬಯಸುತ್ತದೆ. ಹಳೆಯ ಯಂತ್ರಗಳಲ್ಲಿ ಅನೇಕವಕ್ಕೆ ಅವು ಇಲ್ಲ. ಹಾಗೆಂದು ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ತಳ್ಳಬೇಕಾಗಿಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬ ತಿರುಳನ್ನೂ, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಸಾಧನಗಳನ್ನೂ ಕೂಡಿಸಿ ಸಿದ್ಧಪಡಿಸಿದ ವ್ಯವಸ್ಥೆಗಳು ಯಾರಿಗೂ ಮುಕ್ತವಾಗಿ ದೊರೆಯುತ್ತವೆ. ಅವುಗಳಲ್ಲೊಂದಾದ ಡೆಬಿಯನ್ 1993ರಲ್ಲಿ ಇಯಾನ್ ಮುರ್ಡಾಕ್ ಅವರಿಂದ ಆರಂಭವಾಯಿತು. ನಾನಾ ದೇಶಗಳ ಸ್ವಯಂಸೇವಕರು ಅದನ್ನು ಇಂದಿಗೂ ಪೋಷಿಸುತ್ತಿದ್ದಾರೆ. ಅದರ 13ನೆಯ ಆವೃತ್ತಿ 2025ರ ಆಗಸ್ಟ್ ತಿಂಗಳಲ್ಲಿ ಹೊರಬಂದಿತು. ಅದನ್ನೇ ನಿದರ್ಶನವಾಗಿಟ್ಟುಕೊಂಡು, ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದ ಬಳಿಕ ಗಣಕಯಂತ್ರವನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ಈಗ ನೋಡೋಣ.

ಹೊಸ ಮನೆಯ ಗೋಡೆ ಎದ್ದು, ಸೂರು ಹೊದಿಸಿದ ಮಾತ್ರಕ್ಕೆ ಅದು ವಾಸಕ್ಕೆ ಯೋಗ್ಯವಾಗುವುದಿಲ್ಲ. ಬಾಗಿಲಿಗೆ ಅಗುಳಿ ಬೇಕು, ಒಲೆ ಹೊತ್ತಬೇಕು, ನೀರು ಬರಬೇಕು. ಗಣಕದ ವಿಷಯವೂ ಹಾಗೆಯೇ. ಮೊದಲು ಯಂತ್ರದ ಅಂಗಾಂಗಗಳೆಲ್ಲವೂ ಹೊಸ ವ್ಯವಸ್ಥೆಯ ಮಾತನ್ನು ಕೇಳುತ್ತಿವೆಯೇ ಎಂದು ಪರೀಕ್ಷಿಸಬೇಕು. ಧ್ವನಿ ಬರುತ್ತಿದೆಯೇ, ಪರದೆಯ ಅಳತೆ ಸರಿಯಾಗಿದೆಯೇ, ಜಾಲದ ಸಂಪರ್ಕ ದೊರೆತಿದೆಯೇ ಎಂಬುದನ್ನು ಒಂದೊಂದಾಗಿ ನೋಡಬೇಕು. ನಿಸ್ತಂತು ಸಂಪರ್ಕದ ಕೆಲವು ಉಪಕರಣಗಳು ತಮ್ಮ ತಯಾರಕರು ಒದಗಿಸಿದ ಸಣ್ಣ ತಂತ್ರಾಂಶವಿಲ್ಲದೆ ಎಚ್ಚರಗೊಳ್ಳುವುದೇ ಇಲ್ಲ. ಮೊದಲು ಇದನ್ನು ಬೇರೆಯಾಗಿ ಹುಡುಕಿ ತರಬೇಕಾಗುತ್ತಿತ್ತು. 2023ರಲ್ಲಿ ಬಂದ 12ನೆಯ ಆವೃತ್ತಿಯಿಂದೀಚೆಗೆ ಡೆಬಿಯನ್ ತನ್ನ ಸ್ಥಾಪಕ ತಂತ್ರಾಂಶದೊಡನೆಯೇ ಇದನ್ನು ನೀಡುತ್ತಿರುವುದರಿಂದ ಆ ತೊಡಕು ಬಹುಮಟ್ಟಿಗೆ ನೀಗಿದೆ.

ಎರಡನೆಯದಾಗಿ ಗಡಿಯಾರವನ್ನು ಸರಿಪಡಿಸಬೇಕು. ಗಣಕವನ್ನು ಆರಿಸಿದಾಗಲೂ ಅದರ ಒಳಗಿನ ಗಡಿಯಾರವನ್ನು ನಾಣ್ಯದಾಕಾರದ 3 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ನಡೆಸುತ್ತಿರುತ್ತದೆ. ಹಳೆಯ ಯಂತ್ರದಲ್ಲಿ ಆ ಬ್ಯಾಟರಿ ಬಡವಾಗಿದ್ದರೆ ದಿನಾಂಕವು ಹಲವು ವರ್ಷ ಹಿಂದಕ್ಕೆ ಸರಿದಿರುತ್ತದೆ. ಇದನ್ನು ಅಲ್ಪದೋಷವೆಂದು ಎಣಿಸಬಾರದು. ಜಾಲದಲ್ಲಿ ಒಂದು ತಾಣವು ತನ್ನ ಗುರುತನ್ನು ಸಾಬೀತುಪಡಿಸಲು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಕ್ತಾಯದ ದಿನಗಳುಂಟು. ನಮ್ಮ ಗಡಿಯಾರ ತಪ್ಪಿದ್ದರೆ ನಿಜವಾದ ಪತ್ರವೂ ಸುಳ್ಳೆಂದು ತೋರುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರಿಗೆ ಇನ್ನೊಂದು ಸೋಜಿಗ ಎದುರಾಗುತ್ತದೆ. ಒಂದರಲ್ಲಿ ಸರಿಯಿದ್ದ ಸಮಯ ಮತ್ತೊಂದರಲ್ಲಿ ಐದೂವರೆ ಗಂಟೆ ವ್ಯತ್ಯಾಸ ತೋರುತ್ತದೆ. ಯಂತ್ರದ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ಭಾವಿಸುತ್ತದೆ. ವಿಶ್ವಸಮಯವೆಂದು ಲಿನಕ್ಸ್ ಭಾವಿಸುತ್ತದೆ. ಭಾರತದ ಸಮಯವು ವಿಶ್ವಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಎರಡರಲ್ಲೊಂದಕ್ಕೆ ಇನ್ನೊಂದರ ಪದ್ಧತಿಯನ್ನು ಅನುಸರಿಸುವಂತೆ ತಿಳಿಸಿದರೆ ಜಗಳ ತೀರುತ್ತದೆ.

ಮೂರನೆಯದು ಪರಿಷ್ಕರಣ. ಸ್ಥಾಪಕ ತಂತ್ರಾಂಶ ಸಿದ್ಧವಾದ ದಿನಕ್ಕೂ ನಾವು ಅದನ್ನು ಬಳಸುವ ದಿನಕ್ಕೂ ನಡುವೆ ಎಷ್ಟೋ ದೋಷಗಳು ಪತ್ತೆಯಾಗಿ ತಿದ್ದುಪಡಿ ಹೊಂದಿರುತ್ತವೆ. ಡೆಬಿಯನ್ನಿನಲ್ಲಿ ಈ ಕೆಲಸ ಎರಡು ಹೆಜ್ಜೆಗಳಲ್ಲಿ ನಡೆಯುತ್ತದೆ. ಮೊದಲನೆಯ ಆದೇಶವು ಭಂಡಾರದಿಂದ ಹೊಸ ಪಟ್ಟಿಯನ್ನು ಮಾತ್ರ ತರುತ್ತದೆ. ಎರಡನೆಯದು ಆ ಪಟ್ಟಿಯನ್ನು ಯಂತ್ರದಲ್ಲಿರುವುದರೊಡನೆ ಹೋಲಿಸಿ, ಹಳತಾದುದನ್ನು ತೆಗೆದು ಹೊಸದನ್ನು ಕೂರಿಸುತ್ತದೆ. ಭಂಡಾರದ ಪಟ್ಟಿಗೆ ಅಂಕೀಯ ಸಹಿ ಇರುವುದರಿಂದ ದಾರಿಯಲ್ಲಿ ಯಾರಾದರೂ ಬದಲಾಯಿಸಿದ್ದರೆ ಕೂಡಲೇ ತಿಳಿದುಬರುತ್ತದೆ.

ಪರಿಷ್ಕರಣವನ್ನು ನಾಳೆಗೆ ದೂಡುವವರು 2017ರ ಘಟನೆಯೊಂದನ್ನು ನೆನೆಯಬೇಕು. ವಿಂಡೋಸಿನಲ್ಲಿದ್ದ ಒಂದು ದೋಷಕ್ಕೆ ಆ ವರ್ಷದ ಮಾರ್ಚ್ 14ರಂದೇ ತಿದ್ದುಪಡಿ ಹೊರಬಂದಿತ್ತು. ಮೇ 12ರಂದು 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶವು ಅದೇ ದೋಷದ ಮೂಲಕ ಒಳನುಗ್ಗಿ, ಜನರ ಕಡತಗಳಿಗೆ ಬೀಗ ಜಡಿದು ಹಣ ಕೇಳತೊಡಗಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಗಳು ಅದಕ್ಕೆ ತುತ್ತಾದವು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗಳು ಕೂಡ ರದ್ದಾದವು. ಔಷಧ ಎರಡು ತಿಂಗಳ ಹಿಂದೆಯೇ ಸಿದ್ಧವಾಗಿತ್ತು, ಕುಡಿಯುವವರು ಕುಡಿದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಗಣಕಯುಗಕ್ಕೂ ಸಲ್ಲುತ್ತದೆ.

ನಾಲ್ಕನೆಯದು ಅಧಿಕಾರದ ಹಂಚಿಕೆ. ವ್ಯವಸ್ಥೆಯ ಯಾವ ಭಾಗವನ್ನಾದರೂ ಬದಲಾಯಿಸಬಲ್ಲ ಮೇಲ್ವಿಚಾರಕನ ಖಾತೆ ಒಂದಿರುತ್ತದೆ. ಮನೆಯ ತಿಜೋರಿಯ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಸಂತೆಗೆ ಹೋಗುವವರುಂಟೇ? ಅಂತೆಯೇ ಓದುವುದಕ್ಕೂ ಬರೆಯುವುದಕ್ಕೂ ಸಾಮಾನ್ಯ ಖಾತೆಯನ್ನೇ ಬಳಸಿ, ಅಗತ್ಯ ಬಿದ್ದಾಗ ಮಾತ್ರ ಗುಪ್ತಪದ ನೀಡಿ ಹೆಚ್ಚಿನ ಅಧಿಕಾರ ಪಡೆಯುವುದು ವಿವೇಕ. ಹಾಗಿದ್ದಾಗ ಸಾಮಾನ್ಯ ಖಾತೆಯಲ್ಲಿ ನಡೆದ ಅಚಾತುರ್ಯವು ಇಡೀ ವ್ಯವಸ್ಥೆಯನ್ನು ಕೆಡಿಸಲಾರದು. ಒಂದು ಗಣಕವನ್ನು ಹಲವರು ಬಳಸುವ ಶಾಲೆ, ಗ್ರಂಥಾಲಯ, ಮನೆಗಳಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಇರುವುದು ಲೇಸು; ಆಗ ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸುವ ಭಯವಿರುವುದಿಲ್ಲ.

ಇನ್ನು ನಮ್ಮ ಭಾಷೆಯ ಮಾತು. ಕನ್ನಡವನ್ನು ಬರೆಯಲಾರದ ಗಣಕವು ಕನ್ನಡಿಗನ ಮನೆಯಲ್ಲಿ ಅರ್ಧ ಮೂಕನೇ ಸರಿ. ಆದುದರಿಂದ ಅಣಿಗೊಳಿಸುವ ಕಾರ್ಯದಲ್ಲಿ ಕನ್ನಡದ ಏರ್ಪಾಟನ್ನು ಕೊನೆಗೆ ಉಳಿಸಿಕೊಳ್ಳುವ ಅಲಂಕಾರವೆಂದು ಭಾವಿಸಬಾರದು. ಇದಕ್ಕೆ ಎರಡು ಸಾಧನಗಳು ಬೇಕು. ಒಂದು, ಅಕ್ಷರಗಳ ಆಕಾರ ನೀಡುವ ಅಕ್ಷರಶೈಲಿ. ಇನ್ನೊಂದು, ಒತ್ತಿದ ಕೀಲಿಯನ್ನು ಅಕ್ಷರವನ್ನಾಗಿ ಮಾಡುವ ಕೀಲಿಮಣೆಯ ವಿನ್ಯಾಸ. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರಶೈಲಿಗಳು ದೊರೆಯುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ 'ಕಗಪ' ಎಂಬ ವಿನ್ಯಾಸವಿದೆ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಗಳನ್ನು ಅನುಸರಿಸಿ ರೂಪಿಸಿದ ವಿನ್ಯಾಸವೇ ಅದಕ್ಕೆ ಆಧಾರ. ಈ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳನ್ನು ಕ್ರಮವಾಗಿ ಒತ್ತಿದರೆ 'ಕನ್ನಡ' ಎಂಬ ಪದ ಮೂಡುತ್ತದೆ. ನಡುವಿನ ಎಫ್ ಕೀಲಿಯು ಹಿಂದಿನ ವ್ಯಂಜನದ ಸ್ವರವನ್ನು ತೆಗೆದು ಮುಂದಿನದನ್ನು ಒತ್ತಕ್ಷರವಾಗಿಸುತ್ತದೆ. ವ್ಯಾಕರಣದಲ್ಲಿ ನಾವು ಕಲಿತ ಸಂಯುಕ್ತಾಕ್ಷರದ ನಿಯಮವೇ ಇಲ್ಲಿ ಯಂತ್ರದ ನಿಯಮವೂ ಆಗಿದೆ.

ಹೀಗೆ ಬರೆದ ಪದವನ್ನು ಗಣಕವು ಆಕಾರವಾಗಿ ಅಲ್ಲ, ಸಂಖ್ಯೆಗಳಾಗಿ ನೆನಪಿಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ವಿಶ್ವಸಮ್ಮತ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆಯಿತು. ಆದರೆ ಆ ಪಟ್ಟಿ ಬಳಕೆಗೆ ಬರಲು ಕಾಲ ಹಿಡಿಯಿತು. ಅದುವರೆಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳಿಗೆ ಕನ್ನಡದ ಆಕಾರ ತೊಡಿಸುವ ಉಪಾಯದಿಂದ ಅಸಂಖ್ಯಾತ ಪತ್ರಗಳೂ ಪುಸ್ತಕಗಳೂ ಸಿದ್ಧವಾದವು. ಅಂಥ ಹಳೆಯ ಕಡತವನ್ನು ಹೊಸ ವ್ಯವಸ್ಥೆಯಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಪರಕೀಯ ಅಕ್ಷರಗಳ ಸಾಲು ಕಾಣಿಸಿಕೊಳ್ಳುತ್ತದೆ. ಬರೆದುದು ಕೆಟ್ಟಿತೆಂದು ತಿಳಿದು ಅದನ್ನು ಅಳಿಸಿಬಿಡುವುದು ದೊಡ್ಡ ಅನರ್ಥ. ಕಡತ ಕೆಟ್ಟಿಲ್ಲ, ಅದನ್ನು ಓದುವ ಕೀಲಿಕೈ ಮಾತ್ರ ಇಲ್ಲವಾಗಿದೆ. ಪರಿವರ್ತಕ ತಂತ್ರಾಂಶದ ನೆರವಿನಿಂದ ಅದನ್ನು ಯೂನಿಕೋಡಿಗೆ ತಿರುಗಿಸಿ, ಮೂಲದೊಡನೆ ಹೋಲಿಸಿ ತಿದ್ದಿದರೆ ಆ ಬರಹ ಮತ್ತೆ ಕನ್ನಡವಾಗುತ್ತದೆ. ತಾತ ಬರೆದಿಟ್ಟ ಮನೆತನದ ವೃತ್ತಾಂತವಾಗಲಿ, ಸಂಘದ ನಡವಳಿಯಾಗಲಿ, ಶಾಲೆಯ ದಾಖಲೆಯಾಗಲಿ, ಈ ಒಂದು ತಿಳಿವಳಿಕೆಯ ಅಭಾವದಿಂದ ನಾಶವಾಗಬಾರದು.

ಕೊನೆಯದಾಗಿ, ಉಳಿಸಿದುದನ್ನು ಕಾಪಾಡುವ ಬಗೆ. ಯಾವ ತಟ್ಟೆಯೂ ಶಾಶ್ವತವಲ್ಲ. ಮುಖ್ಯವಾದ ಕಡತಕ್ಕೆ ಮೂರು ಪ್ರತಿಗಳಿರಲಿ; ಅವು ಎರಡು ಬಗೆಯ ಸಾಧನಗಳಲ್ಲಿರಲಿ; ಒಂದಾದರೂ ಬೇರೆ ಸ್ಥಳದಲ್ಲಿರಲಿ ಎಂಬುದು ಅನುಭವಿಗಳ ಸೂತ್ರ. ಪ್ರತಿ ತೆಗೆದ ತಟ್ಟೆಯನ್ನು ಸದಾ ಗಣಕಕ್ಕೆ ಜೋಡಿಸಿಯೇ ಇಟ್ಟರೆ ಕಡತಗಳಿಗೆ ಬೀಗ ಜಡಿಯುವ ದುಷ್ಟ ತಂತ್ರಾಂಶ ಅದನ್ನೂ ಬಿಡದು. ಆದುದರಿಂದ ಕೆಲಸ ಮುಗಿದೊಡನೆ ಅದನ್ನು ಬೇರ್ಪಡಿಸಬೇಕು. ಪ್ರತಿಯಿಂದ ಕಡತವನ್ನು ಮರಳಿ ಪಡೆಯಲು ಆಗುತ್ತದೆಯೇ ಎಂದು ಆಗಾಗ ಪರೀಕ್ಷಿಸಲೂ ಬೇಕು. ಪರೀಕ್ಷಿಸದ ಪ್ರತಿಯನ್ನು ನಂಬುವುದು ಬೀಜ ಮೊಳೆಯುವುದೋ ಇಲ್ಲವೋ ಎಂದು ನೋಡದೆ ಹೊಲವೆಲ್ಲ ಬಿತ್ತಿದಂತೆ.

ಈ ಎಲ್ಲ ಕೆಲಸಗಳ ಜೊತೆಗೆ ಒಂದು ಸಾಧಾರಣ ಟಿಪ್ಪಣಿ ಪುಸ್ತಕವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಯಾವ ದಿನ ಯಾವ ವ್ಯವಸ್ಥೆಯನ್ನು ಸ್ಥಾಪಿಸಲಾಯಿತು, ಯಾವ ತಂತ್ರಾಂಶಗಳನ್ನು ಸೇರಿಸಲಾಯಿತು, ಎಲ್ಲಿ ತೊಡಕು ಬಂದಿತು, ಅದು ಹೇಗೆ ಬಗೆಹರಿಯಿತು ಎಂಬುದನ್ನು ಅದರಲ್ಲಿ ಬರೆಯಬೇಕು. ಗುಪ್ತಪದಗಳನ್ನು ಮಾತ್ರ ಬರೆಯಬಾರದು. ಗಣಕವನ್ನು ಅಣಿಗೊಳಿಸಿದವರು ಮುಂದೊಂದು ದಿನ ಶಾಲೆಯನ್ನೋ ಊರನ್ನೋ ಬಿಟ್ಟು ಹೋಗಬಹುದು. ಯಂತ್ರ ಅಲ್ಲಿಯೇ ಇರುತ್ತದೆ. ಬಳಿಕ ಬಂದವರು ಆ ಪುಟಗಳನ್ನು ತಿರುವಿ ಹಾಕಿ, ಹಿಂದಿನವರು ನಿಲ್ಲಿಸಿದ ಕಡೆಯಿಂದ ಕೆಲಸವನ್ನು ಮುಂದುವರಿಸಬಲ್ಲರು.

ಅಭ್ಯಾಸ

1. ಕಾರ್ಯಾಚರಣ ವ್ಯವಸ್ಥೆಯ ಹೊಣೆಗಳಾವುವು?
2. ಗಣಕದ ಗಡಿಯಾರ ತಪ್ಪಿದ್ದರೆ ಒದಗುವ ತೊಂದರೆಗಳನ್ನು ವಿವರಿಸಿ.
3. "ಔಷಧ ಎರಡು ತಿಂಗಳ ಹಿಂದೆಯೇ ಸಿದ್ಧವಾಗಿತ್ತು, ಕುಡಿಯುವವರು ಕುಡಿದಿರಲಿಲ್ಲ." ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ತಿಳಿಸಿ.
4. ಹಳೆಯ ಕನ್ನಡ ಕಡತಗಳು ಹೊಸ ಗಣಕದಲ್ಲಿ ಓದಲಾಗದಂತೆ ಕಾಣುವುದೇಕೆ? ಅವುಗಳನ್ನು ಉಳಿಸಿಕೊಳ್ಳುವುದು ಹೇಗೆ?
5. ನಿಮ್ಮ ಶಾಲೆಯ ಗಣಕದಲ್ಲಿ ಕಾಪಾಡಬೇಕಾದ ಕಡತಗಳ ಪಟ್ಟಿಯೊಂದನ್ನು ತಯಾರಿಸಿ, ಪ್ರತಿಯೊಂದರ ಮೂರು ಪ್ರತಿಗಳನ್ನು ಎಲ್ಲೆಲ್ಲಿ ಇಡುವಿರೆಂದು ಬರೆಯಿರಿ.