ಹೂವು ಆಮೇಲೆ, ಹಿಡಿತ ಮೊದಲು

ನರ್ಸರಿಯಲ್ಲಿ ಬಳ್ಳಿ ಮಾರುವುದು ಹೂವಿನ ಫೋಟೊ ತೋರಿಸಿ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದಡಿ ಗಿಡ, ಕೋಲಿಗೆ ಕಟ್ಟಿದ ಎರಡು ಕುಡಿ, ಮೇಲೊಂದು ಬಣ್ಣದ ಚೀಟಿ. ಮೂರು ವರ್ಷ ಕಳೆದರೆ ಅದು ಎಷ್ಟು ಭಾರವಾಗುತ್ತದೆ, ಯಾವುದನ್ನು ಹಿಡಿದು ಹತ್ತುತ್ತದೆ, ಏಪ್ರಿಲ್ ರಜೆಯಲ್ಲಿ ಮನೆಗೆ ಬೀಗ ಹಾಕಿ ಹೊರಟರೆ ಬದುಕಿರುತ್ತದೆಯೇ, ಇದ್ಯಾವುದೂ ಚೀಟಿಯಲ್ಲಿರುವುದಿಲ್ಲ. ಮೈಸೂರಿನ ನಮ್ಮ ಸೈಟಿನ ಮನೆಯಲ್ಲಿ ಇಷ್ಟು ವರ್ಷ ಬಳ್ಳಿಗಳ ಜೊತೆ ಏಗಿದ ಮೇಲೆ, ಹೂವಿನ ಬಣ್ಣ ನಾನು ಕೇಳುವ ಕೊನೆಯ ಪ್ರಶ್ನೆ.

ಚಳಿ ದೇಶಗಳ ತೋಟದ ಪುಸ್ತಕಗಳಲ್ಲಿ ಗಟ್ಟಿ ಬಳ್ಳಿ ಎಂದರೆ ಹಿಮ ತಡೆಯುವಂಥದ್ದು. ನಮ್ಮ ಪರೀಕ್ಷೆಗಳೇ ಬೇರೆ: ಮಾರ್ಚ್‌ನಿಂದ ಮೇವರೆಗಿನ ಬಿಸಿಲು, ಅದರ ಬೆನ್ನಿಗೇ ಬರುವ ಮಳೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಸಾಗರದ ಕಡೆಯ ನನ್ನ ತವರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಬೇರು ಕೊಳೆಯದಿದ್ದರೆ ಸಾಕು, ಇಲ್ಲಿ ಬೇರು ಸುಡದಿದ್ದರೆ ಸಾಕು. ಅಮ್ಮನ ಹಿತ್ತಲಿನ ಬಸಳೆಗೆ ಆಷಾಢದಲ್ಲಿ ಎಲೆತುಂಬ ಕೆಂಪು ಅಂಚಿನ ಚುಕ್ಕೆ. ಅದೇ ಬಳ್ಳಿಯ ತುಂಡು ಇಲ್ಲಿ ಬಚ್ಚಲ ನೀರು ಹೋಗುವ ಜಾಗದಲ್ಲಿ ವರ್ಷಪೂರ್ತಿ ಹಸಿರಾಗಿ, ದಪ್ಪನಾಗಿ ಬೆಳೆಯುತ್ತದೆ.

ಹವೆಯ ವಿಚಾರ ಹೀಗಾದರೆ, ಅದಕ್ಕಿಂತ ದೊಡ್ಡದು ಹಿಡಿತ. ಶಂಖಪುಷ್ಪ, ಬಸಳೆ, ಮಧುಮಾಲತಿ ಇವು ಇಡೀ ಮೈಯಿಂದ ಆಸರೆಯನ್ನು ಸುತ್ತುತ್ತವೆ. ಕಾಳುಮೆಣಸು, ವೀಳ್ಯದೆಲೆ ಗೆಣ್ಣಿನಲ್ಲಿ ಬೇರು ಬಿಟ್ಟು ಮರದ ತೊಗಟೆಗೆ ಅಂಟುತ್ತವೆ. ಬೋಗನ್‌ವಿಲ್ಲಾಗೆ ಇದ್ಯಾವುದೂ ಬರುವುದಿಲ್ಲ. ಮುಳ್ಳು ಊರಿಕೊಂಡು ಪಕ್ಕದವರ ಮೇಲೆ ಒರಗುವುದಷ್ಟೇ ಅದಕ್ಕೆ ಗೊತ್ತು, ಕಟ್ಟುವ ಕೆಲಸ ನಮ್ಮದು. ತೊಂಡೆ, ಸೀಮೆಬದನೆ, ಶರಬತ್ ಹಣ್ಣಿನ ಬಳ್ಳಿಗಳಿಗೆ ಕೂದಲೆಳೆಯಂಥ ತಂತುಗಳಿವೆ. ಆ ತಂತು ತೆಳ್ಳಗಿನ ಕಡ್ಡಿ, ಹುರಿ, ತಂತಿಗಳನ್ನು ಮಾತ್ರ ಹಿಡಿಯಬಲ್ಲದು. ದಪ್ಪ ಕಬ್ಬಿಣದ ಪೈಪಿನ ಚಂದದ ಹಂದರ ಕಟ್ಟಿಸಿ ಬುಡದಲ್ಲಿ ತೊಂಡೆ ನೆಟ್ಟವರು, ಬಳ್ಳಿ ಯಾಕೆ ನೆಲದಲ್ಲೇ ಹರಿದಾಡುತ್ತಿದೆ ಎಂದು ಕೇಳುತ್ತಾರೆ. ಪೈಪಿಗೆ ನಾಲ್ಕು ಸಾಲು ಸೆಣಬಿನ ಹುರಿ ಸುತ್ತಿಕೊಟ್ಟರೆ ವಾರದೊಳಗೆ ಅದು ತಾನಾಗಿಯೇ ಮೇಲೇರುತ್ತದೆ.

ತೊಂಡೆಯ ತಂತುವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ತುದಿ ಹುರಿಗೆ ಸುತ್ತಿ ಗಟ್ಟಿಯಾದ ಮೇಲೆ ಉಳಿದ ಭಾಗ ಸ್ಪ್ರಿಂಗಿನ ಹಾಗೆ ಸುರುಳಿಗಟ್ಟುತ್ತಾ ಬಳ್ಳಿಯನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಆದರೆ ಸುರುಳಿ ಒಂದೇ ದಿಕ್ಕಿಗಿರುವುದಿಲ್ಲ. ಅರ್ಧದವರೆಗೆ ಬಲಕ್ಕೆ ಸುತ್ತಿದ್ದರೆ, ನಡುವೆ ಒಂದು ತುಣುಕು ನೆಟ್ಟಗಿದ್ದು, ಮುಂದೆ ಎಡಕ್ಕೆ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿಹಾಕಿದ ದಾರ ಒಂದೇ ಕಡೆಗೆ ನುಲಿಯಲಾರದು, ಅದಕ್ಕೇ ಹೀಗೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹಬ್ಬುವ ಗಿಡಗಳ ಬಗ್ಗೆ ಬರೆದಾಗ ಇದನ್ನು ವಿವರಿಸಿದ್ದ. ತೊಂಡೆಯದೇ ಕುಟುಂಬದ ಬ್ರಯೊನಿ ಎಂಬ ಬೇಲಿಬಳ್ಳಿ ಬಿರುಗಾಳಿಯನ್ನು ಹೇಗೆ ತಡೆಯುತ್ತದೆ ಎಂದು ನೋಡಲು ಗಾಳಿ ಬೀಸುವಾಗಲೇ ಹೊರಗೆ ಹೋಗಿ ನಿಲ್ಲುತ್ತಿದ್ದನಂತೆ. ನಾನೂ ನಿಂತು ನೋಡಿದ್ದೇನೆ. ಗಾಳಿಗೆ ಸುರುಳಿ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ, ಕಾಯಿ ತುಂಬಿದ ಕುಡಿ ಮುರಿಯುವುದಿಲ್ಲ. ಕುಡಿ ಜಾರದಿರಲಿ ಎಂದು ಪ್ಲಾಸ್ಟಿಕ್ ದಾರದಲ್ಲಿ ಬಿಗಿದು ಕಟ್ಟುವವರು ಈ ಸ್ಪ್ರಿಂಗನ್ನೇ ಕೆಡಿಸುತ್ತಾರೆ.

ಅಡುಗೆಮನೆಯ ದೃಷ್ಟಿಯಿಂದ ನನ್ನ ಓಟು ತೊಂಡೆಗೇ. ನೆಲದೊಳಗೆ ಗೆಡ್ಡೆಯಂಥ ದಪ್ಪ ಬೇರಿರುವುದರಿಂದ ಬೇಸಿಗೆಗೆ ಜಗ್ಗುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಮೊದಲ ಮಳೆಗೆ ಚಿಗುರುತ್ತದೆ. ಬೀಜದಿಂದ ಮಾತ್ರ ಬೆಳೆಸಬೇಡಿ. ಗಂಡು ಹೆಣ್ಣು ಬೇರೆ ಬೇರೆ ಬಳ್ಳಿಗಳು. ನಮ್ಮ ಬೇಲಿಯಲ್ಲಿ ಪಿಕಳಾರ ಹಕ್ಕಿ ಬಿತ್ತಿದ ಒಂದು ಬಳ್ಳಿ ಎಷ್ಟು ಹೂ ಬಿಟ್ಟರೂ ಕಾಯಾಗುತ್ತಿರಲಿಲ್ಲ. ಹುಲ್ಲು ಕೀಳಲು ಬರುವ ಅಜ್ಜಿ ಹೂವಿನ ಹಿಂಭಾಗ ಮುಟ್ಟಿ ನೋಡಿ, "ಇದು ಗಂಡು ಕಣವ್ವ, ಹೂ ಬಿಡ್ತದೆ ಅಷ್ಟೆ" ಅಂದರು. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಮೊದಲೇ ಇರುತ್ತದೆ. ಆದ್ದರಿಂದ ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದಲೇ ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗೆಣ್ಣಿನ ತುಂಡು ತಂದು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡುವುದು. ಕಾಯಿ ಕಡಿಮೆಯಾದಾಗ ಹಳೆಯ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಸವರಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಹೊಸ ಕುಡಿಯಲ್ಲಿ ಮತ್ತೆ ಶುರು. ಇದೇ ಗಟ್ಟಿತನ ಹವಾಯಿ ದ್ವೀಪಗಳಲ್ಲಿ ಶಾಪವಾಗಿದೆ, ಅಲ್ಲಿ ತೊಂಡೆ ಮರಗಳನ್ನೇ ಮುಚ್ಚುವ ಕಳೆ. ನಮ್ಮಲ್ಲಿ ಪಲ್ಯ ಮಾಡಿ ಮುಗಿಸುತ್ತೇವೆ.

ಕಾಳುಮೆಣಸಿನಲ್ಲಿ ಎಲ್ಲಿಂದ ತುಂಡು ತೆಗೆದಿರಿ ಎಂಬುದರ ಮೇಲೆ ಗಿಡದ ಹಣೆಬರಹ ನಿಂತಿದೆ. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಕುಡಿಯನ್ನು ನೆಟ್ಟರೆ ಅದು ಮರ ಹತ್ತುವ ಬಳ್ಳಿ. ಗೆರೆ ಬಿಡುವ ಪಕ್ಕದ ರೆಂಬೆಯನ್ನು ನೆಟ್ಟರೆ ಹತ್ತುವುದನ್ನೇ ಬಿಟ್ಟು ಕುಂಡದಲ್ಲಿ ಪೊದೆಯಾಗಿ ಕೂರುತ್ತದೆ, ಎರಡನೇ ವರ್ಷಕ್ಕೇ ನಾಲ್ಕು ಕಾಳು ಕಾಣಿಸುತ್ತದೆ. ಮರವಿಲ್ಲದ ಪೇಟೆಯ ಮನೆಗೆ ಈ ಪೊದೆ ಮೆಣಸೇ ಸರಿ. ಸುಣ್ಣ ಬಳಿದ ನುಣುಪು ಗೋಡೆಗೆ ಬಳ್ಳಿ ಮೆಣಸು ಹತ್ತಿಸುವ ಆಸೆ ಬೇಡ.

ಮಧುಮಾಲತಿ ಸಂಜೆ ಬೆಳ್ಳಗೆ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ; ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ. ಅದಕ್ಕೆ ಮರುಳಾಗಿ ಜನ ಕಿಟಕಿಯ ಪಕ್ಕ ನೆಡುತ್ತಾರೆ. ಕಾಂಡ ಕಟ್ಟಿಗೆಯಾಗಿ ದಪ್ಪವಾದಂತೆ ಗ್ರಿಲ್ಲಿನ ಸರಳನ್ನೇ ಬಾಗಿಸುತ್ತದೆ, ಕಿಟಕಿ ಬಾಗಿಲು ಮುಚ್ಚಲಾಗುವುದಿಲ್ಲ. ಇದರ ಜಾಗ ಗೇಟಿನ ಕಮಾನು, ಅದೂ ಗಟ್ಟಿ ಕಮಾನು. ಬೋಗನ್‌ವಿಲ್ಲಾಗೆ ನೀರು ಹೆಚ್ಚಾದರೆ ಬರೀ ಎಲೆ, ಬಾಯಾರಿಸಿದರೆ ಬಣ್ಣ. ಜಾಜಿಯನ್ನು ಡಿಸೆಂಬರ್ ಕೊನೆಗೆ ಕರುಣೆಯಿಲ್ಲದೆ ಸವರಬೇಕು, ಹೂವು ಬರುವುದು ಹೊಸ ಚಿಗುರಿನಲ್ಲಿ. ನಮ್ಮ ಅತ್ತೆಗೆ ಹಸಿರು ಕಡಿಯುವುದೆಂದರೆ ಆಗದು, ಹಾಗಾಗಿ ಅವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಕತ್ತರಿ ಹಿಡಿಯುತ್ತೇನೆ.

ಮೈಸೂರಿನ ಹೆಸರನ್ನೇ ಹೊತ್ತ ಬಳ್ಳಿಯೊಂದಿದೆ, ಥನ್‌ಬರ್ಜಿಯಾ ಮೈಸೊರೆನ್ಸಿಸ್. ಹುಟ್ಟೂರು ಪಶ್ಚಿಮ ಘಟ್ಟ. ಹಳದಿ ಮತ್ತು ಕಂದುಗೆಂಪಿನ ಹೂಗಳು ಮಾಲೆಯಂತೆ ಕೆಳಕ್ಕೆ ಇಳಿಬೀಳುತ್ತವೆ, ಸೂರಕ್ಕಿಗಳು ಜೇನಿಗೆ ಬರುತ್ತವೆ. ಬೇಲಿಗೆ ಹಬ್ಬಿಸಿದರೆ ಈ ಮಾಲೆಗಳು ಎಲೆಯೊಳಗೆ ಸಿಕ್ಕಿ ಹಾಳಾಗುತ್ತವೆ. ಆಳೆತ್ತರ ಮೀರಿದ ಚಪ್ಪರವೇ ಬೇಕು. ಘಟ್ಟದ ತಂಪಿನ ಗಿಡವಾದ್ದರಿಂದ ಇಲ್ಲಿ ಬುಡಕ್ಕೆ ನೆರಳು, ದಪ್ಪನೆಯ ತರಗೆಲೆ ಹೊದಿಕೆ, ಬೇಸಿಗೆಯಲ್ಲಿ ತಪ್ಪದೆ ನೀರು. ಇಷ್ಟು ಮಾಡಲಾಗದವರು ಶಂಖಪುಷ್ಪದಲ್ಲೇ ಸಂತೋಷಪಡಬಹುದು.

ಅಮೃತಬಳ್ಳಿ ಮಾತ್ರ ಯಾವ ಪರೀಕ್ಷೆಗೂ ಬಗ್ಗುವುದಿಲ್ಲ. ಬುಡ ಕಡಿದರೂ ಮರದ ಮೇಲಿನಿಂದ ದಾರದಂಥ ಬೇರು ಇಳಿಬಿಟ್ಟು ನೆಲ ಮುಟ್ಟಿ ಬದುಕಿಕೊಳ್ಳುತ್ತದೆ. ಕೊರೊನಾ ಕಾಲದಲ್ಲಿ ಕಷಾಯಕ್ಕೆಂದು ಎಲ್ಲರೂ ನೆಟ್ಟರು. ಆದರೆ ಅದನ್ನೇ ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿಯಿದೆ, ಅದು ಹಾನಿ ಮಾಡಬಹುದು ಎಂದು ಆಯುಷ್ ಸಚಿವಾಲಯ 2022ರಲ್ಲಿ ಎಚ್ಚರಿಸಿತ್ತು. ಅದರ ಕಾಂಡದ ತುಂಬ ಗುಬಟುಗಳು, ಮುರಿದರೆ ಹಾಲಿನಂಥ ರಸ. ಯಾರದೋ ಬೇಲಿಯಿಂದ ತುಂಡು ತಂದಿದ್ದರೆ ಮೊದಲು ನೆಟ್ಟು, ಕಾಂಡ ಬಲಿಯುವವರೆಗೆ ಕಾದು, ಮುರಿದು ನೋಡಿ. ಕಷಾಯಕ್ಕೆ ಏನವಸರ?