ಗಾಲ್ಫ್ ಚೆಂಡಿನಿಂದ ಕಾರಿಗೆ ಹಾನಿ: ನಷ್ಟ ಪರಿಹಾರದ ಮಾರ್ಗಗಳು

ಗಾಲ್ಫ್ ಆಟದ ಚೆಂಡು ಗಾತ್ರದಲ್ಲಿ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಅದರ ತೂಕ 46 ಗ್ರಾಂ ಮೀರುವುದಿಲ್ಲ. ಆದರೆ ಪಳಗಿದ ಆಟಗಾರನ ಹೊಡೆತಕ್ಕೆ ಅದು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊರಟು 200 ಮೀಟರಿನಾಚೆ ಬೀಳಬಲ್ಲುದು. ಹೊಡೆತ ಸ್ವಲ್ಪ ಓರೆಯಾದರೆ ಚೆಂಡು ಗಾಳಿಯಲ್ಲಿಯೇ ಪಕ್ಕಕ್ಕೆ ಬಾಗಿ ಮೈದಾನದ ಗಡಿಯನ್ನು ದಾಟುವುದೂ ಉಂಟು. ಭಾರತಕ್ಕೆ ಈ ಆಟ ಹೊಸದಲ್ಲ. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು 1829ರಲ್ಲಿಯೂ ಬೆಂಗಳೂರಿನದು 1876ರಲ್ಲಿಯೂ ಆರಂಭವಾದವು. ಅಂದು ವಿರಳ ವಸತಿಯ ನಡುವೆ ಇದ್ದ ಇಂತಹ ಮೈದಾನಗಳ ಸುತ್ತ ಈಗ ನಗರಗಳು ಬೆಳೆದು ನಿಂತಿವೆ. ಹೀಗಾಗಿ ಆಟದೊಡನೆ ಯಾವ ಸಂಬಂಧವೂ ಇಲ್ಲದ ದಾರಿಹೋಕನ ಕಾರಿನ ಗಾಜು ಒಡೆಯುವ ಪ್ರಸಂಗ ಎದುರಾಗುತ್ತದೆ.

ಇಂತಹ ಹಾನಿಗೆ ಹೊಣೆ ಯಾರು? ಚೆಂಡು ಹೊಡೆದವನು ಯಾವ ಸಂದರ್ಭದಲ್ಲಿಯೂ ಹಣ ತೆರಲೇಬೇಕೆಂದು ಕಾರಿನ ಮಾಲೀಕನು ಭಾವಿಸುತ್ತಾನೆ. ಮೈದಾನದ ಬದಿಯಲ್ಲಿ ಹೋಗುವವನು ಅಪಾಯವನ್ನು ತಾನೇ ಒಪ್ಪಿಕೊಂಡಂತೆ ಎಂದು ಕ್ಲಬ್ಬಿನವರು ವಾದಿಸುತ್ತಾರೆ. ಕಾನೂನು ಇವೆರಡನ್ನೂ ಪೂರ್ಣವಾಗಿ ಒಪ್ಪುವುದಿಲ್ಲ. ಒಬ್ಬನ ಅಲಕ್ಷ್ಯದಿಂದ ಮತ್ತೊಬ್ಬನಿಗಾಗುವ ನಷ್ಟವನ್ನು ಕುರಿತ ಅಪಕೃತ್ಯ ಕಾನೂನು ಭಾರತದಲ್ಲಿ ಒಂದೇ ಅಧಿನಿಯಮದ ರೂಪದಲ್ಲಿ ಇಲ್ಲ. ನ್ಯಾಯಾಲಯಗಳು ಅದನ್ನು ತೀರ್ಪುಗಳ ಮೂಲಕ ಬೆಳೆಸಿಕೊಂಡು ಬಂದಿವೆ. ಇಂಗ್ಲೆಂಡಿನ ತೀರ್ಪುಗಳು ಇಲ್ಲಿ ಕಡ್ಡಾಯವಲ್ಲವಾದರೂ ಮಾರ್ಗದರ್ಶಕವಾಗಿ ಪರಿಗಣಿತವಾಗುತ್ತವೆ.

ಆ ತೀರ್ಪುಗಳಲ್ಲಿ ಎರಡನ್ನು ಒಟ್ಟಿಗೆ ಓದುವುದು ಉಪಯುಕ್ತ. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಹೆದ್ದಾರಿಗೆ ಸಮಾನಾಂತರವಾಗಿ ಗಾಲ್ಫ್ ಮೈದಾನವೊಂದರ 13ನೆಯ ಕುಳಿಯ ಆಟದ ಪಟ್ಟಿಯಿತ್ತು. ಅಲ್ಲಿಂದ ಓರೆಯಾಗಿ ಹಾರಿದ ಚೆಂಡು ಟ್ಯಾಕ್ಸಿಯೊಂದರ ಮುಂದಿನ ಗಾಜನ್ನು ಒಡೆಯಿತು. ಗಾಜಿನ ಚೂರು ನೆಟ್ಟು ಚಾಲಕನು ಒಂದು ಕಣ್ಣನ್ನು ಕಳೆದುಕೊಂಡನು. ಆ ಸ್ಥಳದಿಂದ ಚೆಂಡುಗಳು ಮೇಲಿಂದ ಮೇಲೆ ರಸ್ತೆಗೆ ಬೀಳುತ್ತಿದ್ದುದು ರುಜುವಾತಾಯಿತು. ಆಟದ ಪಟ್ಟಿಯನ್ನು ಅಲ್ಲಿ ಇಟ್ಟುದೇ ಸಾರ್ವಜನಿಕ ಉಪದ್ರವವೆಂದು 1922ರಲ್ಲಿ ನ್ಯಾಯಾಲಯ ತೀರ್ಮಾನಿಸಿ, ಆಟಗಾರನೊಂದಿಗೆ ಕ್ಲಬ್ಬನ್ನೂ ಹೊಣೆಯಾಗಿಸಿತು. ಇದಕ್ಕೆ ವಿರುದ್ಧವಾದ ಫಲ ದೊರೆತುದು ಮ್ಯಾಂಚೆಸ್ಟರಿನ ಕ್ರಿಕೆಟ್ ಮೈದಾನವೊಂದರ ಹೊರಗೆ ಚೆಂಡು ತಗುಲಿ ಗಾಯಗೊಂಡ ಮಹಿಳೆಗೆ. ಅಲ್ಲಿ ಸುಮಾರು 30 ವರ್ಷಗಳಲ್ಲಿ ಚೆಂಡು ರಸ್ತೆಗೆ ಹಾರಿದ್ದು ಆರೇಳು ಸಲ ಮಾತ್ರ. ಇಷ್ಟು ಅಪರೂಪದ ಅಪಾಯವನ್ನು ತಡೆಯಲಿಲ್ಲವೆಂದ ಮಾತ್ರಕ್ಕೆ ಅಲಕ್ಷ್ಯವಾಗದೆಂದು 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆಕೆಗೆ ಪರಿಹಾರ ದೊರೆಯಲಿಲ್ಲ.

ಆದುದರಿಂದ ದಾವೆಯ ಬಲವು ಒಡೆದ ಗಾಜಿಗಿಂತ ಹೆಚ್ಚಾಗಿ ಹಿಂದೆ ಅದೇ ಸ್ಥಳದಲ್ಲಿ ಬಿದ್ದ ಚೆಂಡುಗಳನ್ನು ಅವಲಂಬಿಸಿದೆ. ಅಪಾಯವು ಮೊದಲೇ ತಿಳಿದಿದ್ದರೂ ಬಲೆ ಕಟ್ಟದೆ, ಹೊಡೆತದ ದಿಕ್ಕನ್ನು ಬದಲಿಸದೆ ಆಟ ಮುಂದುವರಿಸಿದರೆ ಕ್ಲಬ್ಬಿನ ಹೊಣೆ ಸ್ಪಷ್ಟವಾಗುತ್ತದೆ. ಎದುರುಬದಿಯ ಅಂಗಡಿಯವರು, ಕಾವಲುಗಾರರು, ಅಲ್ಲಿಯೇ ನಿತ್ಯ ನಿಲ್ಲುವ ಆಟೋ ಚಾಲಕರು ಈ ವಿಷಯದಲ್ಲಿ ಉತ್ತಮ ಸಾಕ್ಷಿಗಳು. ನೆರೆಯ ವಸತಿ ಸಂಘವು ಕ್ಲಬ್ಬಿಗೆ ಬರೆದ ಹಳೆಯ ದೂರುಪತ್ರ ಸಿಕ್ಕರೆ ಅದರ ಬೆಲೆ ಇನ್ನೂ ಹೆಚ್ಚು. ‘ಚೆಂಡಿನಿಂದಾಗುವ ಹಾನಿಗೆ ಕ್ಲಬ್ಬು ಹೊಣೆಯಲ್ಲ’ ಎಂಬ ಫಲಕವನ್ನು ಕಂಡು ಹಿಂಜರಿಯಬೇಕಾಗಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಹೋಗುವವನು ಆ ಷರತ್ತಿಗೆ ಸಮ್ಮತಿಸಿದವನಲ್ಲ. ಅಲ್ಲದೆ, ಅಪಾಯವು ಕ್ಲಬ್ಬಿಗೆ ತಿಳಿದಿತ್ತೆಂಬುದಕ್ಕೆ ಆ ಫಲಕವೇ ಆಧಾರವಾಗಬಲ್ಲುದು. ಕ್ಲಬ್ಬಿನ ಆವರಣದೊಳಗೆ ಕಾರು ನಿಲ್ಲಿಸಿದ ಸದಸ್ಯನ ಅಥವಾ ಅತಿಥಿಯ ಸ್ಥಿತಿ ಬೇರೆ. ಅಲ್ಲಿ ಪ್ರವೇಶದ ನಿಯಮಗಳನ್ನೂ ನೋಡಬೇಕಾಗುತ್ತದೆ.

ಘಟನೆ ನಡೆದ ಕೂಡಲೇ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ ಚೆಂಡನ್ನು ಎತ್ತಿಟ್ಟುಕೊಳ್ಳುವುದು ಮೊದಲ ಕೆಲಸ. ಗಾಜು, ಬೇಲಿ, ರಸ್ತೆ ಮೂರೂ ಕಾಣುವಂತೆ ಛಾಯಾಚಿತ್ರ ತೆಗೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಮೊಬೈಲ್ ಚಿತ್ರಗಳನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕಾಗುವುದರಿಂದ ಮೂಲ ಚಿತ್ರವನ್ನು ಅಳಿಸಬಾರದು. ಕ್ಲಬ್ಬಿನ ಕಾರ್ಯದರ್ಶಿಗೆ ಅಂದೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಆ ಹೊತ್ತಿನಲ್ಲಿ ಆಡುತ್ತಿದ್ದವರ ಹೆಸರು ಕ್ಲಬ್ಬಿನ ದಾಖಲೆಯಲ್ಲಿರುವ ಸಂಭವ ಹೆಚ್ಚು. ಅದನ್ನು ಕಾಯ್ದಿಡುವಂತೆ ದೂರಿನಲ್ಲಿಯೇ ಕೇಳಬೇಕು. ಪೊಲೀಸ್ ಠಾಣೆಯಲ್ಲಿ ವಿಷಯವನ್ನು ನಮೂದಿಸಬಹುದಾದರೂ, ಉದ್ದೇಶವಿಲ್ಲದೆ ಆದ ಸ್ವತ್ತಿನ ಹಾನಿ ಸಾಮಾನ್ಯವಾಗಿ ಅಪರಾಧವೆನಿಸದ ಕಾರಣ ಅದರಿಂದ ಹಣ ಬರುವುದೆಂದು ನಿರೀಕ್ಷಿಸುವಂತಿಲ್ಲ. ಸ್ಥಳ ಪರಿಶೀಲನೆಯ ಬರಹವನ್ನು ಕರ್ನಾಟಕದಲ್ಲಿ ಮಹಜರು ಎನ್ನುವರು. ಮುಂಬಯಿ, ಪುಣೆಗಳಲ್ಲಿ ಅದೇ ಪಂಚನಾಮೆ.

ಸಣ್ಣ ಹಾನಿಗೆ ವಿಮೆಯೇ ಸುಲಭ ಮಾರ್ಗವೆಂಬುದು ನಿಜ. ಆದರೆ ಕಾನೂನಿನಂತೆ ಕಡ್ಡಾಯವಾದ ಮೂರನೆಯ ವ್ಯಕ್ತಿಯ ವಿಮೆ ಸ್ವಂತ ಕಾರಿನ ಗಾಜಿಗೆ ಏನನ್ನೂ ಕೊಡುವುದಿಲ್ಲ. ಸ್ವಂತ ಹಾನಿಯನ್ನೂ ಒಳಗೊಂಡ ಪಾಲಿಸಿ ಇರಬೇಕು. ಅಂತಹ ಸಾಮಾನ್ಯ ಪಾಲಿಸಿಗಳಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50ರಷ್ಟು ಕಡಿತವುಂಟು. ಸರ್ವೇಯರ್ ನೋಡುವ ಮುನ್ನ ದುರಸ್ತಿ ಮಾಡಿಸಬಾರದು. ಒಮ್ಮೆ ಹಣ ಪಡೆದರೆ, ಶೇಕಡಾ 20ರಿಂದ 50ರವರೆಗೆ ಬೆಳೆಯುವ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಕೈತಪ್ಪುತ್ತದೆ. ಕೆಲವು ವೇಳೆ ಗಾಜಿನ ಬೆಲೆಗಿಂತ ಬೋನಸ್ಸೇ ದೊಡ್ಡದಾಗಿರುತ್ತದೆ. ಒಂದೇ ನಷ್ಟಕ್ಕೆ ವಿಮಾ ಸಂಸ್ಥೆಯಿಂದಲೂ ಕ್ಲಬ್ಬಿನಿಂದಲೂ ಎರಡು ಸಲ ಹಣ ಪಡೆಯುವಂತಿಲ್ಲ. ವಿಮೆಯಿಂದ ಬಾರದೆ ಉಳಿದ ಮೊತ್ತವನ್ನು ಕೇಳಲು ಅಡ್ಡಿಯಿಲ್ಲ. ಆದರೆ ಕ್ಲಬ್ಬಿನೊಡನೆ ‘ಸರ್ವ ಬಾಕಿ ತೀರಿತು’ ಎಂದು ಬರೆದುಕೊಡುವ ಮುನ್ನ ವಿಮಾ ಸಂಸ್ಥೆಗೆ ತಿಳಿಸತಕ್ಕದ್ದು. ಹಣ ಕೊಟ್ಟ ಸಂಸ್ಥೆಗೆ ಮಾಲೀಕನ ಹಕ್ಕಿನ ಮೂಲಕ ಅದನ್ನು ವಸೂಲು ಮಾಡುವ ಅಧಿಕಾರವಿದೆ.

ಒಪ್ಪಂದವಾಗದಿದ್ದರೆ ಸಿವಿಲ್ ನ್ಯಾಯಾಲಯವೇ ಗತಿ. ಮೋಟಾರು ಅಪಘಾತ ನ್ಯಾಯಮಂಡಳಿಯು ವಾಹನದ ಬಳಕೆಯಿಂದಾದ ಅಪಘಾತಗಳನ್ನು ವಿಚಾರಿಸುತ್ತದೆಯೇ ಹೊರತು ಹೊರಗಿನಿಂದ ಬಂದ ಚೆಂಡಿನ ಹೊಣೆಯನ್ನಲ್ಲ. ದಾರಿಹೋಕನು ಕ್ಲಬ್ಬಿನ ಗ್ರಾಹಕನಲ್ಲವಾದ್ದರಿಂದ ಗ್ರಾಹಕ ಆಯೋಗಕ್ಕೂ ಅವನು ಹೋಗಲಾಗದು. ಸ್ವತ್ತಿಗೆ ಹಾನಿಯಾದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಅಧಿನಿಯಮ ವಿಧಿಸುತ್ತದೆ. ಎಲ್ಲಿ ಹೂಡಬೇಕೆಂಬುದು ಊರೂರು ಸುತ್ತುವವರಿಗೆ ಮುಖ್ಯ ಪ್ರಶ್ನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೆಯ ಪ್ರಕರಣದ ಪ್ರಕಾರ ಹಾನಿ ನಡೆದ ಊರಿನಲ್ಲಿ ಅಥವಾ ಪ್ರತಿವಾದಿ ವಾಸಿಸುವ ಊರಿನಲ್ಲಿ ದಾವೆ ಹೂಡಬಹುದು, ವಾದಿಯ ಸ್ವಂತ ಊರಿನಲ್ಲಲ್ಲ. ಪುಣೆಯಲ್ಲಿ ಗಾಜು ಒಡೆಸಿಕೊಂಡ ಹುಬ್ಬಳ್ಳಿಯವನಿಗೆ ಹುಬ್ಬಳ್ಳಿಯ ನ್ಯಾಯಾಲಯ ದೊರೆಯದು. ಮೈದಾನವನ್ನು ಸರ್ಕಾರದ ಇಲಾಖೆಯೇ ನಡೆಸುತ್ತಿದ್ದರೆ 80ನೆಯ ಪ್ರಕರಣದಂತೆ ಮೊದಲು ಎರಡು ತಿಂಗಳ ನೋಟೀಸು ಕೊಡಬೇಕು.

ಕೆಲವು ಸಾವಿರ ರೂಪಾಯಿಗಳಿಗಾಗಿ ಪರಊರಿನಲ್ಲಿ ದಾವೆ ನಡೆಸುವುದು ಎಲ್ಲರಿಗೂ ಸಾಧ್ಯವಿಲ್ಲ. ಅಂತಹವರು ದಾವೆಗೆ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ವಿಷಯವನ್ನು ಲೋಕ ಅದಾಲತ್ತಿನ ಮುಂದೆ ತರಬಹುದು. ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಉಭಯ ಪಕ್ಷಗಳೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನವಾಗುತ್ತದೆ. ಹಾಗೆ ಆದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲು ಇರುವುದಿಲ್ಲ.