ಎರಡನೆಯ ಸಾಕ್ಷಿ

ಮಗರಪಟ್ಟಾದ ಸೈಬರ್‌ಸಿಟಿಗೆ ದುಡಿಯಲು ಬಂದ ನನ್ನ ಕನ್ನಡದ ಮಕ್ಕಳೇ,

‘ಕಾದಂಬರಿ ಹಿಡಿಸುವುದಿಲ್ಲ ಅಜ್ಜಾ, ನಿಜವಾಗಿ ನಡೆದದ್ದನ್ನು ಓದಬೇಕು, ಯಾವುದರಿಂದ ಶುರು ಮಾಡಲಿ?’ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತಿರುತ್ತೀರಿ. ನಿಮ್ಮ ಕಪಾಟಿನಲ್ಲಿ ಈಗಾಗಲೇ ಏನಿದೆ ಎಂದು ನನಗೆ ಗೊತ್ತು. ಹಣ ಬೆಳೆಸುವ ದಾರಿ, ನಸುಕಿನಲ್ಲಿ ಏಳುವ ಅಭ್ಯಾಸ, ಕಂಪನಿ ಕಟ್ಟಿ ಗೆದ್ದವರ ಜೀವನಚರಿತ್ರೆ. ಅವುಗಳನ್ನು ಓದಬೇಡಿ ಎನ್ನಲಾರೆ. ಆದರೆ ಗೆದ್ದವರ ಕತೆಯನ್ನು ಗೆದ್ದವರೇ ಹೇಳುವಾಗ ಅದೇ ದಾರಿಯಲ್ಲಿ ನಡೆದು ಬಿದ್ದವರು ಪುಟಗಳಿಂದ ಜಾರಿಹೋಗುತ್ತಾರೆ. ಅದಕ್ಕೇ ನಾನು ಹೇಳಬೇಕಾದದ್ದು ಒಂದೇ ಇದೆ. ಯಾವ ಬದುಕನ್ನೇ ಆಗಲಿ, ಯಾವ ಕಾಲವನ್ನೇ ಆಗಲಿ, ಒಂದೇ ಪುಸ್ತಕ ಓದಿ ತಿಳಿಯಿತು ಅಂದುಕೊಳ್ಳಬೇಡಿ. ಅದೇ ಸಂಗತಿಯನ್ನು ಬೇರೆ ಜಾಗದಲ್ಲಿ ನಿಂತು ಕಂಡ ಇನ್ನೊಬ್ಬರ ಪುಸ್ತಕವನ್ನು ಹುಡುಕಿ ತಂದು ಅದರ ಪಕ್ಕದಲ್ಲಿಟ್ಟುಕೊಂಡು ಓದಿ.

ಇದನ್ನು ನಿಮ್ಮ ಆಫೀಸಿನ ಸುತ್ತಲಿನ ನೆಲದಿಂದಲೇ ತೋರಿಸುತ್ತೇನೆ. 1897ರಲ್ಲಿ ಪುಣೆಯನ್ನು ಪ್ಲೇಗು ಹಿಡಿದಿತ್ತು. 2020ರಲ್ಲಿ ನೀವೆಲ್ಲ ಮನೆಯೊಳಗೆ ಕೂತು ಲ್ಯಾಪ್‌ಟಾಪ್ ತೆರೆದಾಗ ಸರ್ಕಾರ ಜಾರಿಗೆ ತಂದಿತಲ್ಲ, ಸಾಂಕ್ರಾಮಿಕ ರೋಗಗಳ ಕಾಯ್ದೆ, ಅದು ಹುಟ್ಟಿದ್ದು ಆ ಪ್ಲೇಗಿನ ಕಾಲದಲ್ಲಿ, ಅದೇ 1897ರಲ್ಲಿ. ಪುಣೆಯ ಪ್ಲೇಗು ಸಮಿತಿಗೆ ರ‍್ಯಾಂಡ್ ಎಂಬ ಬ್ರಿಟಿಷ್ ಅಧಿಕಾರಿ ಮುಖ್ಯಸ್ಥ. ಸೈನಿಕರು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ದೇವರ ಕೋಣೆ, ಅಡುಗೆಮನೆ ಏನನ್ನೂ ಬಿಡಲಿಲ್ಲ. ರೋಗಿಯನ್ನು ಆಸ್ಪತ್ರೆಗೆ ಒಯ್ದರೆ ಮನೆಮಂದಿಯನ್ನು ಬೇರೆ ಶಿಬಿರಕ್ಕೆ ದೂಡುತ್ತಿದ್ದರು. ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರು ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಅದರ ಬೆನ್ನಿಗೇ, ಪತ್ರಿಕೆಯಲ್ಲಿ ಬರೆದದ್ದಕ್ಕಾಗಿ ಟಿಳಕರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿ ಹದಿನೆಂಟು ತಿಂಗಳ ಶಿಕ್ಷೆ ಕೊಟ್ಟರು. ಶಾಲೆಯ ಪಾಠದಲ್ಲಿ ನಮಗೆ ಸಿಗುವುದು ಇಷ್ಟು.

ದಾಮೋದರ ಚಾಪೇಕರ ಸೆರೆಮನೆಯಲ್ಲಿ ಕೂತು ಮರಾಠಿಯಲ್ಲಿ ತನ್ನ ಕತೆಯನ್ನು ಬರೆದ. 1898ರ ಏಪ್ರಿಲ್‌ನಲ್ಲಿ ಯೆರವಡಾದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಬರಹವನ್ನು ಓದಿದರೆ ಅವನ ಧೈರ್ಯ ಕಾಣುತ್ತದೆ. ಇಂಗ್ಲಿಷರ ಮೇಲಿನಷ್ಟೇ ಸಮಾಜ ಸುಧಾರಕರ ಮೇಲೂ ಅವನಿಗಿದ್ದ ಕೋಪ ಕಾಣುತ್ತದೆ. ಅದನ್ನು ಮುಚ್ಚಿಟ್ಟು ಓದಬೇಡಿ. ಅವನು ಮುಚ್ಚಿಟ್ಟಿಲ್ಲ.

ಈಗ ನಿಮ್ಮ ಗೇಟಿನಿಂದ ಹೊರಗೆ ಬನ್ನಿ. ಒಂದು ಕಡೆ ಹಡಪಸರ, ಇನ್ನೊಂದು ಕಡೆ ಮುಂಢವಾ. ಅದೇ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಪುತ್ರ ಡಾಕ್ಟರ್ ಯಶವಂತ ರೋಗಿಗಳಿಗಾಗಿ ದವಾಖಾನೆ ತೆರೆದದ್ದು ಈ ಹಡಪಸರದ ಬಯಲಿನಲ್ಲಿ. ಮುಂಢವಾದ ದಲಿತ ಕೇರಿಯಲ್ಲಿ ಪ್ಲೇಗು ತಗುಲಿ ಬಿದ್ದಿದ್ದ ಹುಡುಗನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರೆಂದು ಅವರ ಬದುಕನ್ನು ಬರೆದವರು ಹೇಳುತ್ತಾರೆ. ರೋಗ ಅವರಿಗೂ ಹತ್ತಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಎಂದು ನಿಮಗೆ ಪರಿಚಯವಿರುವ ಆ ತಾಯಿ ಕೊನೆಗೆ ನಡೆದ ದಾರಿ, ಈಗ ನಿಮ್ಮ ಕ್ಯಾಬುಗಳು ಸಾಲುಗಟ್ಟಿ ನಿಲ್ಲುವ ಈ ಸೀಮೆಯಲ್ಲೇ ಇತ್ತು.

ಮೂರನೆಯವರು ನಮ್ಮ ಕಡೆಯವರು. ಪಂಡಿತಾ ರಮಾಬಾಯಿ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು ದೇಶವೆಲ್ಲ ನಡೆದು, ಕೊನೆಗೆ ಪುಣೆಯಲ್ಲೂ, ಆಮೇಲೆ ಸೋಲಾಪುರದ ರೈಲುದಾರಿಯ ಕೇಡಗಾಂವದಲ್ಲೂ ವಿಧವೆಯರಿಗೆ, ಅನಾಥ ಹೆಣ್ಣುಮಕ್ಕಳಿಗೆ ನೆಲೆ ಕಟ್ಟಿದರು. ಕ್ರೈಸ್ತರಾದದ್ದಕ್ಕೆ ಪುಣೆಯ ಸನಾತನಿಗಳು ಅವರನ್ನು ಸುಮ್ಮನೆ ಬಿಡಲಿಲ್ಲ. ಆದರೂ ಪ್ಲೇಗಿನ ಆಸ್ಪತ್ರೆಯಲ್ಲಿ ತಮ್ಮ ಆಶ್ರಮದ ಹುಡುಗಿಗೆ ಆದ ಅನ್ಯಾಯವನ್ನು ಕಂಡು ಮುಂಬಯಿಯ ಇಂಗ್ಲಿಷ್ ಪತ್ರಿಕೆಗೆ ಪತ್ರ ಬರೆದು ಬ್ರಿಟಿಷ್ ಆಡಳಿತವನ್ನು ನೇರವಾಗಿ ದೂರಿದವರು ಅವರೇ. ಚಾಪೇಕರನಿಗೂ ರಮಾಬಾಯಿಗೂ ಬೇರೆ ಯಾವುದರಲ್ಲೂ ಹೊಂದಿಕೆಯಿರಲಿಲ್ಲ. ಈ ಒಂದು ಸಂಗತಿಯಲ್ಲಿ ಇಬ್ಬರೂ ಒಂದನ್ನೇ ಕಂಡಿದ್ದರು.

ಚಾಪೇಕರನನ್ನಷ್ಟೇ ಓದಿದವನಿಗೆ 1897 ಸೇಡಿನ ವರ್ಷ. ಸಾವಿತ್ರಿಬಾಯಿಯವರ ಬದುಕನ್ನಷ್ಟೇ ಓದಿದವನಿಗೆ ಸೇವೆಯ ವರ್ಷ. ಟಿಳಕರ ಜೀವನಚರಿತ್ರೆಯಲ್ಲಿ ಅದು ಪತ್ರಿಕಾ ಸ್ವಾತಂತ್ರ್ಯದ ವರ್ಷ. ಮೂರೂ ನಿಜ. ಒಂದನ್ನು ಮಾತ್ರ ಹಿಡಿದುಕೊಂಡವನ ಕೈಗೆ ಯಾರೋ ಒಂದು ಬಾವುಟ ಕೊಡುತ್ತಾರೆ, ಅವನು ಅದನ್ನು ಬೀಸತೊಡಗುತ್ತಾನೆ. ನಿಮ್ಮ ಮೊಬೈಲಿಗೆ ದಿನಕ್ಕೊಂದು ಬರುವ ‘ಮರೆಮಾಚಿದ ಇತಿಹಾಸ’ದ ಸಂದೇಶಗಳು ಇಂಥ ಒಂಟಿ ಸಾಕ್ಷಿಯ ಮೇಲೇ ನಿಂತಿರುತ್ತವೆ. ಕಳಿಸಿದವರೊಂದಿಗೆ ಜಗಳಕ್ಕೆ ಹೋಗಬೇಡಿ. ಎರಡನೆಯ ಪುಸ್ತಕ ಯಾವುದು ಎಂದು ಕೇಳಿ, ಸಿಗದಿದ್ದರೆ ನೀವೇ ಹುಡುಕಿ.

ಕನ್ನಡದಲ್ಲಿ ಹೀಗೆ ಜೋಡಿ ಹಾಕಿ ಓದಲು ನಮಗೆ ದೊಡ್ಡ ಭಾಗ್ಯವಿದೆ. ಪ್ಲೇಗಿನ ಎಳೆಯನ್ನೇ ಹಿಡಿದು ಹೋದರೆ ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಸಿಗುತ್ತದೆ. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದ ಬಡ ಬ್ರಾಹ್ಮಣ ಮನೆ, ಪ್ಲೇಗಿಗೆ ಬಲಿಯಾದ ತಾಯಿ ಮತ್ತು ಒಡಹುಟ್ಟಿದವರು, ವಾರಾನ್ನ ಉಂಡು ಓದಿದ ಹುಡುಗ. ಓದುವಾಗ ಗಂಟಲು ಕಟ್ಟುತ್ತದೆ. ಅದನ್ನು ಮುಗಿಸಿದ ವಾರವೇ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ತೆರೆಯಿರಿ. ಮಾಗಡಿ ತಾಲೂಕಿನ ಮಂಚನಬೆಲೆಯ ಹುಡುಗನೊಬ್ಬ ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಉಳುವುದನ್ನು ನೋಡುತ್ತಾನೆ. ಅವರಲ್ಲಿ ಒಬ್ಬ ತನ್ನ ಅಪ್ಪ. ಎರಡೂ ಮನೆಗಳಲ್ಲಿ ಬಡತನವಿದೆ, ಎರಡೂ ಕಡೆ ಹುಡುಗರು ಓದಿನಿಂದಲೇ ಮೇಲೆ ಬಂದರು. ಆದರೆ ಬಡತನದ ಜೊತೆಗೆ ಇನ್ನೊಂದು ಹೊರೆ ಯಾರ ಹೆಗಲ ಮೇಲಿತ್ತು ಎಂಬುದು ಎರಡನ್ನೂ ಓದಿದಾಗಲೇ ತಿಳಿಯುತ್ತದೆ. ಸಿದ್ಧಲಿಂಗಯ್ಯನವರು ಅಳಿಸಬೇಕಾದ ಜಾಗದಲ್ಲಿ ನಗಿಸುತ್ತಾರೆ. ಕನ್ನಡದಲ್ಲಿ ನಾನು ಓದಿದ ಆತ್ಮಕಥೆಗಳಲ್ಲಿ ನನಗೆ ಅತಿ ಹತ್ತಿರದ್ದು ಅದು.

ಗಡಿಯ ಎರಡೂ ಕಡೆಗೆ ಹಬ್ಬಿದ ಇನ್ನೊಂದು ಜೋಡಿಯಿದೆ. ಮುದ್ದೇಬಿಹಾಳದ ಕಡೆಯ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಅಕ್ಕಲಕೋಟೆ ತಾಲೂಕಿನ ಹನ್ನೂರಿನ ಶರಣಕುಮಾರ ಲಿಂಬಾಳೆಯವರ ಮರಾಠಿ ‘ಅಕ್ಕರಮಾಶಿ’. ಅಕ್ಕಲಕೋಟೆಯ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಕೇಳುತ್ತವೆ. ಇಲ್ಲಿ ಭಾಷೆಗಳು ಎರಡಾದರೂ ನೋವು ಒಂದೇ ಊರಿನದು.

ಒಂದೇ ಮನೆಯೊಳಗೂ ಸಾಕ್ಷಿಗಳು ಹಲವರಿರುತ್ತಾರೆ. ಕುವೆಂಪು ತಮ್ಮ ಬದುಕನ್ನು ‘ನೆನಪಿನ ದೋಣಿಯಲ್ಲಿ’ ಬರೆದರು. ಮಗ ತೇಜಸ್ವಿ ‘ಅಣ್ಣನ ನೆನಪು’ ಬರೆದರು, ಮಗಳು ತಾರಿಣಿ ‘ಮಗಳು ಕಂಡ ಕುವೆಂಪು’ ಬರೆದರು. ಆಮೇಲೆ ತೇಜಸ್ವಿಯವರ ಹೆಂಡತಿ ರಾಜೇಶ್ವರಿ ‘ನನ್ನ ತೇಜಸ್ವಿ’ ಬರೆದರು. ಇವನ್ನೆಲ್ಲ ಒಟ್ಟಿಗಿಟ್ಟು ಓದಿದರೆ ಮಹಾಕವಿ ಪೀಠದಿಂದ ಇಳಿದು ಮನೆಯೊಳಗೆ ಓಡಾಡುವುದು ಕಾಣುತ್ತದೆ. ದೊಡ್ಡವರನ್ನು ದೂರದಿಂದ ಪೂಜಿಸುವುದಕ್ಕಿಂತ ಹೀಗೆ ಹತ್ತಿರದಿಂದ ನೋಡುವುದೇ ಅವರಿಗೆ ಸಲ್ಲಿಸುವ ಹೆಚ್ಚಿನ ಗೌರವ ಎಂದು ನಾನು ನಂಬುತ್ತೇನೆ.

ಪುಣೆಯಲ್ಲಿರುವ ನೀವು ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು ಓದದೆ ಇರಬಾರದು. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅಚ್ಚು ಹಾಕಿತು. ಅವರು ಇಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಅದು ಹಾಗಿರಲಿ. ಪುಸ್ತಕ ಅರ್ಪಣೆಯಾಗಿರುವುದು ಪುಣೆಯ ಡಾಕ್ಟರ್ ಮಧುಮಾಲತಿ ಗುಣೆ ಅವರಿಗೆ. ಮಗು ಬೇಡವೆಂದು ನಿರ್ಧರಿಸಿ ಗರ್ಭಿಣಿ ತಾಯಿ ಆ ಡಾಕ್ಟರರ ಕ್ಲಿನಿಕ್ಕಿಗೆ ಹೋಗಿದ್ದರು, ಕಾದರು, ಡಾಕ್ಟರು ಬರಲಿಲ್ಲ, ಎದ್ದು ಬಂದರು. ಉಳಿದ ಆ ಮಗುವೇ ಕಾರ್ನಾಡ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಒಂದು ಕೂಸನ್ನು ಇಟ್ಟುಕೊಂಡು ನರ್ಸಿಂಗ್ ಕಲಿತು, ಕಾಲವನ್ನು ಎದುರಿಸಿ ಮರುಮದುವೆಯಾದ ಆ ತಾಯಿ ಬರೆದಿಟ್ಟ ನೆನಪುಗಳೂ ಮಗನ ಪುಸ್ತಕದಲ್ಲಿ ಸೇರಿವೆ. ಮಗನ ಸಾಕ್ಷಿಯ ಒಳಗೇ ತಾಯಿಯ ಸಾಕ್ಷಿ! ತಮ್ಮ ಮನೆಯ ಗುಟ್ಟನ್ನು ಇಷ್ಟು ಪ್ರೀತಿಯಿಂದ, ಇಷ್ಟು ನಿರ್ಭಯವಾಗಿ ಹೇಳಿದವರು ನಮ್ಮಲ್ಲಿ ಕಡಿಮೆ.

ಇತಿಹಾಸದ ಪುಸ್ತಕಗಳಿಗೂ ಇದೇ ಮಾತು. ಆಲೂರು ವೆಂಕಟರಾಯರು ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಟಿಳಕರಿಂದ ದೇಶಾಭಿಮಾನ ಕಲಿತು, ಹಂಪಿಯ ಹಾಳನ್ನು ಕಂಡು ಕರಗಿ, 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಒಂದು ನಾಡಿನ ಕನಸು ಕೊಟ್ಟರು. ಅವರ ‘ನನ್ನ ಜೀವನ ಸ್ಮೃತಿಗಳು’ ಏಕೀಕರಣಕ್ಕೆ ಎಷ್ಟೋ ವರ್ಷ ಮೊದಲೇ ಬಂದ ಪುಸ್ತಕ. ಅಂದರೆ ಬರೆಯುವಾಗ ಅವರಿಗೆ 1956 ಬರುತ್ತದೆಂದು ಗೊತ್ತಿರಲಿಲ್ಲ. ಆತ್ಮಕಥೆ ಹಿಡಿದಾಗ ಅದನ್ನು ಬರೆದ ವರ್ಷವನ್ನು ಮೊದಲು ನೋಡಿ. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಮೊದಲು ಬಂದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಮುಪ್ಪಿನಲ್ಲಿ ಕೂತು ಬರೆದದ್ದಕ್ಕೂ ನಡುಹಾದಿಯಲ್ಲಿ ನಿಂತು ಬರೆದದ್ದಕ್ಕೂ ದನಿ ಬೇರೆ.

ಆಲೂರರ ಪಕ್ಕಕ್ಕೆ ಪುಣೆಯ ವಿದ್ವಾಂಸ ರಾ.ಚಿಂ. ಢೇರೆಯವರನ್ನು ಇಡಿ. ಆಷಾಢ ಏಕಾದಶಿಗೆಂದು ಜ್ಞಾನೇಶ್ವರ, ತುಕಾರಾಮರ ಪಾಲಖಿಗಳು ಹಡಪಸರ ದಾಟಿ ಪಂಢರಪುರಕ್ಕೆ ಹೋಗುವಾಗ ರಸ್ತೆ ಬಂದಾಯಿತೆಂದು ನೀವು ಮನೆಯಿಂದಲೇ ಕೆಲಸ ಮಾಡುತ್ತೀರಲ್ಲ, ಆ ವಾರಕರಿಗಳ ದೇವರ ಮೇಲೆ ಢೇರೆಯವರು 1984ರಲ್ಲಿ ‘ಶ್ರೀವಿಠ್ಠಲ: ಏಕ್ ಮಹಾಸಮನ್ವಯ’ ಬರೆದರು. ವಿಠ್ಠಲನ ಬೇರು ಕುರಿ, ದನ ಕಾಯುವವರ ದೈವಗಳಲ್ಲಿದೆ, ಕನ್ನಡ ಸೀಮೆಯೊಂದಿಗೆ ಬೆಸೆದಿದೆ ಎಂದು ಮರಾಠಿಗರಿಗೆ ಮರಾಠಿಯಲ್ಲೇ ತೋರಿಸಿಕೊಟ್ಟ ಗ್ರಂಥ ಅದು. ಆಲೂರರಿಂದ ಹೆಮ್ಮೆ ಕಲಿಯಿರಿ, ಢೇರೆಯವರಿಂದ ಬೆರಕೆಯನ್ನು ಒಪ್ಪಿಕೊಳ್ಳುವುದನ್ನು ಕಲಿಯಿರಿ. ಬೆಳಗಾವಿಯ ವಿಷಯಕ್ಕೆ ಊಟದ ಹೊತ್ತಿನಲ್ಲಿ ಮರಾಠಿ ಗೆಳೆಯರೊಂದಿಗೆ ದನಿ ಏರಿದಾಗ ಇವೆರಡೂ ಓದಿದವರ ಮಾತು ಬೇರೆಯಾಗಿರುತ್ತದೆ.

ಕನ್ನಡ ಓದಲು ಬಾರದೆ ಇಲ್ಲೇ ಬೆಳೆದ ಮಕ್ಕಳು ಸಂಕೋಚಪಡಬೇಡಿ. ಕಾರ್ನಾಡರದು ‘ದಿಸ್ ಲೈಫ್ ಅಟ್ ಪ್ಲೇ’ ಎಂದು, ಸಿದ್ಧಲಿಂಗಯ್ಯನವರದು ‘ಎ ವರ್ಡ್ ವಿತ್ ಯು, ವರ್ಲ್ಡ್’ ಎಂದು ಇಂಗ್ಲಿಷಿನಲ್ಲಿ ಸಿಗುತ್ತವೆ. ಆದರೂ ರಾತ್ರಿ ಹತ್ತು ಪುಟ ಅಮ್ಮನ ಕೈಯಲ್ಲೋ ಅಜ್ಜಿಯ ಕೈಯಲ್ಲೋ ಮೂಲವನ್ನು ಜೋರಾಗಿ ಓದಿಸಿಕೊಳ್ಳಿ. ಅವರು ನಡುನಡುವೆ ನಿಲ್ಲಿಸಿ ತಮ್ಮದನ್ನೂ ಹೇಳುತ್ತಾರೆ, ಅದನ್ನು ತಪ್ಪಿಸಬೇಡಿ.

ಇನ್ನು ಕಂಪನಿ ಕಟ್ಟಿದವರ ಕತೆ. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಇದೇ ಪುಣೆಯಲ್ಲಿ. ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿಯ ಸಂಗತಿ ನಿಮಗೆಲ್ಲ ಬಾಯಿಪಾಠ. ಅದಕ್ಕೂ ಮೊದಲು ನಾರಾಯಣಮೂರ್ತಿಯವರು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ತೆರೆದು ಕೈಸುಟ್ಟುಕೊಂಡು ಮುಚ್ಚಿದ್ದರು. ಗೆಲುವಿನ ಕತೆಯನ್ನು ಓದುವಾಗ ಆ ಅಧ್ಯಾಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.

ಮಗರಪಟ್ಟಾದ ಕತೆಯೂ ಗೆಲುವಿನದೇ. ಸುಮಾರು 120 ರೈತ ಕುಟುಂಬಗಳು 400ಕ್ಕೂ ಹೆಚ್ಚು ಎಕರೆ ಹೊಲವನ್ನು ಬಿಲ್ಡರುಗಳಿಗೆ ಮಾರದೆ ಒಟ್ಟುಗೂಡಿಸಿ, ಸತೀಶ ಮಗರ ಅವರ ಮುಂದಾಳುತನದಲ್ಲಿ ತಮ್ಮದೇ ಕಂಪನಿ ಮಾಡಿ, ಭೂಮಿಗೆ ತಕ್ಕ ಪಾಲು ಹಂಚಿಕೊಂಡು ಈ ಊರು ಕಟ್ಟಿದರು. ದೇಶದ ಬೇರೆ ಬೇರೆ ಕಡೆಯಿಂದ ಇದನ್ನು ನೋಡಿ ಕಲಿಯಲು ಜನ ಬರುತ್ತಾರೆ. ರೈತ ತನ್ನ ನೆಲದಿಂದ ಒಕ್ಕಲೇಳದೆ ಊರು ಬೆಳೆಸಬಹುದು ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ನೆಲವಿಲ್ಲದವರು ಆಮೇಲೆ ಎಲ್ಲಿ ಹೋದರು? ಪುಣೆಯ ಗೋಪುರಗಳಿಗೆ ಇಟ್ಟಿಗೆ, ಸಿಮೆಂಟು ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಬಂದ ನಮ್ಮವರೂ ಇದ್ದಾರೆ. ಅವರ ಆತ್ಮಕಥೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಿಮಗೆ ಅವರ ಭಾಷೆ ಬರುತ್ತದೆ. ಹಡಪಸರದಲ್ಲಿ ಕಟ್ಟಡದ ಕೆಲಸ ಮುಗಿಸಿ ಸಂಜೆ ಚಹಾ ಕುಡಿಯುತ್ತ ನಿಂತ ಹಿರಿಯರನ್ನು ಯಾವ ಊರು, ಯಾವ ವರ್ಷ ಬಂದಿರಿ, ಬಂದಾಗ ಇಲ್ಲಿ ಏನಿತ್ತು ಎಂದು ಕೇಳಿ. ಅವರು ಒಪ್ಪಿದರೆ ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಕೆಳಗೆ ತಾರೀಖು ಹಾಕಿ. ಮುಂದಿನ ವಾರ ಮತ್ತೆ ಹೋಗಿ ಬರೆದದ್ದನ್ನು ಅವರಿಗೆ ಓದಿ ಹೇಳಿ. ತಪ್ಪಿದ್ದಲ್ಲಿ ಅವರೇ ತಿದ್ದಲಿ.